ಹಿಂದಿನ ಸಾಲಿನ ದನಿ

ಬಾಯಿ ತೆರೆದು ಮಲಗಿದ ಮನುಷ್ಯ ಬೆಚ್ಚಿಬೀಳಬಾರದು. ಹಲ್ಲಿನ ಡಾಕ್ಟರಾದವಳಿಗೆ ದೇವರಲ್ಲಿ ಕೇಳಿಕೊಳ್ಳಲು ಇದಕ್ಕಿಂತ ದೊಡ್ಡದೇನೂ ಇರುವುದಿಲ್ಲ. ಆದರೆ ಆ ದಿನ ಬ್ಯಾಂಕ್ ಮ್ಯಾನೇಜರ್ ಬೆಚ್ಚಿಬಿದ್ದರು. ಅವರ ಕೆಳದವಡೆಯ ಹಲ್ಲೊಂದನ್ನು ನಾನು ಕೊರೆಯುತ್ತಿದ್ದೆ. ಹೊರಗೆ ಕಾಯುವವರ ಕೋಣೆಯಲ್ಲಿ, ಕಿವಿಗೊಟ್ಟರೂ ಕೇಳಿಸದಷ್ಟು ಮೆತ್ತಗೆ ಒಂದು ಹಾಡು ನಡೆದಿತ್ತು. ಅದು ಮುಗಿದು ಮುಂದಿನದು ಶುರುವಾದದ್ದೇ ತಡ, ಕಹಳೆ, ಡ್ರಮ್ಮು ಎಲ್ಲ ಒಟ್ಟಿಗೆ ಕಿರುಚಿಕೊಂಡವು. ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದರು. ಡ್ರಿಲ್ಲಿನ ತುದಿ ಅವರ ತುಟಿಯ ಒಳಭಾಗವನ್ನು ಸವರಿಕೊಂಡು ಹೋಯಿತು.

"ಹಲ್ಲು ಕೊರೀತೀನಿ ಅಂದ್ರಿ ಡಾಕ್ಟ್ರೇ, ತುಟಿ ವಿಷಯ ಹೇಳಿರ್ಲಿಲ್ಲ," ಎಂದರು ಅವರು, ಮರಗಟ್ಟಿದ ಬಾಯಲ್ಲಿ ತೊದಲುತ್ತ. ಒಳ್ಳೆಯ ಮನುಷ್ಯ, ನಗುತ್ತಲೇ ಹೇಳಿದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಆ ಹಾಡುಗಳು ನನ್ನ ಮಾವನವು. ನಮ್ಮ ಮನೆ ಮಹಡಿಯ ಮೇಲೆ, ಕ್ಲಿನಿಕ್ ಕೆಳಗೆ. ಕ್ಲಿನಿಕ್ಕಿನ ಹಿಂದಿನ ಕೋಣೆ ಮಾವನದು. ಅಲ್ಲಿರುವ ಅವರ ಕಂಪ್ಯೂಟರಿನಿಂದ ಗೋಡೆ ತೂರಿ ಒಂದು ವೈರು ಹೊರಗಿನ ಸ್ಪೀಕರಿಗೆ ಬರುತ್ತದೆ. ಮಾವ ಜೀವನವೆಲ್ಲ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತು ಗುಂಡಿ ತಿರುಗಿಸಿದವರು. ಅತ್ತೆ ಗಾಜಿನ ಈಚೆ ನಿಂತು ಹಾಡಿದವರು. ಹಾಡಿದವರು ಎಂದರೆ ಹೆಸರು ಬರುವಂಥ ಹಾಡುಗಾರ್ತಿಯಲ್ಲ, ಕೋರಸ್ಸಿನಲ್ಲಿ ನಿಂತು ದನಿಗೂಡಿಸುವವರು. ಸ್ಟುಡಿಯೋ ಮುಚ್ಚಿದಾಗ ಮಾವ ಹಳೇ ಟೇಪುಗಳನ್ನೆಲ್ಲ ಮನೆಗೆ ಹೊತ್ತು ತಂದು, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದರು. ಆಮೇಲೆ ಟೇಪುಗಳು ಪುಡಿ ಉದುರಿಸತೊಡಗಿದವು, ಅವನ್ನು ಎಸೆದೆವು. ಅದೇ ಹೊತ್ತಿಗೆ ಅತ್ತೆ ತೀರಿಹೋದರು.

ಅಂದಿನಿಂದ ಮಾವ ನಮ್ಮ ಕ್ಲಿನಿಕ್ಕಿನ ಖಾಯಂ ಪೇಷಂಟ್. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಬಂದು ಸ್ಪೀಕರಿನ ಕೆಳಗಿನ ಮೂಲೆ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಹೊಸಬರು ಪಾಪ, ನಿಮ್ಮದು ಯಾವ ಹಲ್ಲು ಎಂದು ವಿಚಾರಿಸುತ್ತಿದ್ದರು. ಮಾವ ತುಟಿಯ ಮೇಲೆ ಬೆರಳಿಟ್ಟು ಸ್ಪೀಕರಿನ ಕಡೆ ತೋರಿಸುತ್ತಿದ್ದರು. ಆ ಸ್ಪೀಕರಿನ ಗುಂಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

"ಮೆತ್ತಗಿರೋದನ್ನ ಮೆತ್ತಗೇ ಬಿಡಮ್ಮ," ಎನ್ನುತ್ತಿದ್ದರು ನನಗೆ. ಹಾಗಾಗಿ ಕೆಲವು ಹಾಡು ಸೊಳ್ಳೆಯ ಗುಂಯ್‌ಗುಟ್ಟುವಿಕೆ, ಕೆಲವು ಮನೆ ಹಾರಿಹೋಗುವಂಥ ಗದ್ದಲ. ಇಷ್ಟು ವರ್ಷ ಸ್ಟುಡಿಯೋದಲ್ಲಿದ್ದವರಿಗೆ ಸದ್ದು ಹೊಂದಿಸಲು ಬಾರದೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಏರುಪೇರು ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಹಲ್ಲು ತುಂಬಿದ ಮೇಲೆ ನೀಲಿ ಕಾಗದ ಕಚ್ಚಿಸಿ, ಎಲ್ಲಿ ಎತ್ತರ ತಾಗುತ್ತದೋ ಅಲ್ಲಿ ಅರೆದು ಸಮ ಮಾಡುವುದೇ ನನ್ನ ಕಸುಬು.

ಮಾವ ಕಣ್ಣಿನ ಪೊರೆ ತೆಗೆಸಿಕೊಂಡು, ಸುಧಾರಿಸಿಕೊಳ್ಳಲು ನನ್ನ ನಾದಿನಿಯ ಮನೆಗೆ ಹೋದರು. ಇದೇ ಸಮಯ ಅಂತ ನಾನು ಗಂಡನ ಬೆನ್ನು ಹತ್ತಿದೆ.

"ಅದಕ್ಕೆಲ್ಲ ಸಾಫ್ಟ್‌ವೇರ್ ಇದೆ ಮಾರಾಯ್ತಿ. ಎಲ್ಲಾ ಹಾಡನ್ನೂ ತಾನೇ ಕೇಳ್ಕೊಂಡು ಹೋಗತ್ತೆ. ತಗ್ಗಿರೋದನ್ನ ಎತ್ತತ್ತೆ, ಎತ್ತರ ಇರೋದನ್ನ ಇಳಿಸತ್ತೆ. ಎಲ್ಲಾ ಒಂದೇ ಮಟ್ಟ," ಎಂದ ನನ್ನ ಗಂಡ. ಅಪ್ಪನ ಕಂಪ್ಯೂಟರಿನ ಮುಂದೆ ಕೂತು ಒಂದು ಗುಂಡಿ ಒತ್ತಿದ. ಅದು ಕೆಲಸ ಶುರುಮಾಡುವ ಮೊದಲು ಒಂದು ಪ್ರಶ್ನೆ ಕೇಳಿತು: ಹಾಡುಗಳನ್ನು ಹಾಗೇ ಬಿಟ್ಟು, ನುಡಿಸುವಾಗ ಎಷ್ಟು ಏರಿಸಬೇಕೆಂದು ಪಕ್ಕದಲ್ಲಿ ಗುರುತು ಹಾಕಿಡಲೇ, ಅಥವಾ ಹಾಡುಗಳನ್ನೇ ತಿದ್ದಿಬಿಡಲೇ?

"ಗುರುತು ಹಾಕಿದ್ರೆ ಬೇಕಾದಾಗ ವಾಪಸ್ ತರಬಹುದು," ಎಂದ ಅವನು, ಬೆರಳು ಮೇಲೆತ್ತಿ ಹಿಡಿದು.

"ವಾಪಸ್ ಯಾಕೆ ಬೇಕು? ತಿದ್ದೋದಾದ್ರೆ ಪೂರ್ತಿ ತಿದ್ದು," ಎಂದೆ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಪೇಷಂಟುಗಳಿಗೆ ಹೇಳುವವಳು ನಾನೇ. ಆದರೆ ಹಾಡು ಹಲ್ಲಲ್ಲವಲ್ಲ.

ಮಾರನೇ ದಿನದ ಸುಖ ಏನು ಹೇಳಲಿ! ಹಾಡಿನಿಂದ ಹಾಡಿಗೆ ದಾಟಿದ್ದೇ ಗೊತ್ತಾಗುತ್ತಿರಲಿಲ್ಲ. ಯಾರೂ ಬೆಚ್ಚಲಿಲ್ಲ, ಯಾರ ತುಟಿಗೂ ಗಾಯವಾಗಲಿಲ್ಲ. ಕೌಂಟರಿನಲ್ಲಿ ಕೂರುವ ಗಿಣಿಯಕ್ಕ ನನಗಿಂತ ದೊಡ್ಡವಳು, ಬಾಯಿ ಸುಮ್ಮನಿರದ ಕಾರಣ ಆ ಹೆಸರು ಬಂದದ್ದು. ಅವಳಂತೂ ಪ್ರತಿ ಹಾಡಿಗೂ ತಲೆ ತೂಗುತ್ತಿದ್ದಳು.

"ಡಾಕ್ಟ್ರೇ, ಈ ಹಾಡಲ್ಲಿ ಹಿಂದೆ ನಿಂತು ಹಾಡೋ ಹೆಂಗಸಿದಾಳಲ್ಲ, ಎಂಥಾ ಗಂಟಲು ಅಂತೀನಿ! ಇಷ್ಟು ದಿನ ಕೇಳಿಸ್ತಾನೇ ಇರ್ಲಿಲ್ಲ," ಎಂದಳು.

ಕೆಲವು ದಿನ ಬಿಟ್ಟು ಅವಳೇ ಕೌಂಟರ್ ಬಿಟ್ಟು ಒಳಗೆ ಬಂದು ನಿಂತಳು. ಮುಖದಲ್ಲಿ ನಗು ಇರಲಿಲ್ಲ.

"ಡಾಕ್ಟ್ರೇ, ಅವತ್ತು ಹಿಂದಿದ್ದೋಳು ಇವತ್ತು ಮುಂದೆ ಬಂದಿದಾಳೆ."

"ನಿಂಗೆಲ್ಲೋ ತಲೆ ಕೆಟ್ಟಿದೆ ಗಿಣಿಯಕ್ಕ. ಹಾಡಲ್ಲಿ ಯಾರಾದ್ರೂ ನಡ್ಕೊಂಡು ಬರ್ತಾರಾ?"

"ನೀವೇ ಬಂದು ಕೇಳಿ."

ಹೋಗಿ ಕೇಳಿದೆ. ಒಬ್ಬ ಗಂಡಸು ಹಾಡುತ್ತಿದ್ದ. ಅವನ ಹಿಂದೆ ಹೆಂಗಸರ ಕೋರಸ್. ಆದರೆ ಆ ಕೋರಸ್ಸಿನಿಂದ ಒಂದು ದನಿ ಬಿಡಿಸಿಕೊಂಡು, ಆ ಗಂಡಸಿಗಿಂತಲೂ ಹತ್ತಿರ ನಿಂತು ಹಾಡುತ್ತಿತ್ತು. ಸಾಲುಗಳ ನಡುವೆ ಅವಳು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ತುಂಬುದನಿ, ಚೂರು ಒರಟು, ಕೇಳಿದರೆ ತಿರುಗಿ ನೋಡಬೇಕು ಅನ್ನಿಸುವಂಥದ್ದು. ಸಾಫ್ಟ್‌ವೇರ್ ತಗ್ಗಿದ್ದನ್ನು ಎತ್ತಿದಾಗ ಹೀಗಾಗಿರಬೇಕು ಎಂದುಕೊಂಡೆ. ಒಂದು ಹಾಡನ್ನು ಎತ್ತಿದರೆ ಅದರಲ್ಲಿರುವ ಎಲ್ಲರೂ ಒಟ್ಟಿಗೆ ಏಳಬೇಕು, ಒಬ್ಬಳೇ ಏಳುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಅದನ್ನು ಬದಿಗೆ ಸರಿಸಿದೆ.

ಮರುದಿನ ಅದೇ ಹಾಡಿನಲ್ಲಿ ಅವಳಿರಲಿಲ್ಲ. ಗಂಡಸಿದ್ದ, ಕೋರಸ್ ಇತ್ತು, ನಡುವೆ ಒಂದು ಖಾಲಿ ಜಾಗವಿತ್ತು. ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಹೋದಂತೆ ಕಿವಿ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಆ ಹೊತ್ತಿಗೆ ಅವಳು ಬೇರೆ ಹಾಡುಗಳಲ್ಲಿ ಮುಂದೆ ಬರುತ್ತಿದ್ದಳು.

ಅದೇ ವಾರ ಒಬ್ಬ ಲಾರಿ ಡ್ರೈವರ್ ಬಂದ, ಬುದ್ಧಿಹಲ್ಲು ಕೀಳಿಸಲು. ಆಳು ಬಾಗಿಲಷ್ಟು ದೊಡ್ಡವನು, ಸೂಜಿ ಕಂಡರೆ ಮಗು. ಇಂಜೆಕ್ಷನ್ ಕೊಟ್ಟೆ, ಬಾಯಿ ಮರಗಟ್ಟುವ ತನಕ ಕಾದೆ, ಹತ್ತಿ ತುರುಕಿ ಇಕ್ಕಳ ಹಿಡಿದೆ. ಆಗ ಅವನ ಗಂಟಲಿನಿಂದ ಒಂದು ರಾಗ ಬರತೊಡಗಿತು. ಗುನುಗು. ಮೇಲೇರಿ, ಸ್ವಲ್ಪ ನಿಂತು, ಕೆಳಗಿಳಿದು, ಮತ್ತೆ ಮೊದಲಿಂದ. ಹೊರಗೆ ಆಗ ಯಾವ ಹಾಡೂ ಇರಲಿಲ್ಲ, ಗಿಣಿಯಕ್ಕ ಊಟಕ್ಕೆಂದು ನಿಲ್ಲಿಸಿದ್ದಳು.

"ಹಾಡ್ಬೇಡಿ, ಅಲ್ಲಾಡತ್ತೆ," ಎಂದೆ.

ಅವನ ಕಣ್ಣು ನನ್ನನ್ನೇ ನೋಡುತ್ತಿತ್ತು. ಕೈಯೆತ್ತಿ ಇಲ್ಲ, ಇಲ್ಲ ಎಂದು ಆಡಿಸಿದ. ಗುನುಗು ಮಾತ್ರ ನಿಲ್ಲಲಿಲ್ಲ. ನಾನು ಹಲ್ಲು ಕಿತ್ತೆ, ರಾಗ ಅರ್ಧಕ್ಕೆ ತುಂಡಾಯಿತು.

ಹತ್ತಿ ತೆಗೆದಮೇಲೆ ಅವನು ಬಹಳ ಹೊತ್ತು ಕುರ್ಚಿ ಬಿಟ್ಟು ಏಳಲಿಲ್ಲ. "ನಾನಲ್ಲ ಡಾಕ್ಟ್ರೇ. ನಂಗೆ ಹಾಡೂ ಬರಲ್ಲ, ಗೀಡೂ ಬರಲ್ಲ. ಗಂಟ್ಲಲ್ಲಿ ಯಾರೋ ಬಂದು ನಿಂತಂಗಾಯ್ತು. ಜಾಗ ಸಾಲ್ದೆ ಆಕಡೆ ಈಕಡೆ ಸರಿದಾಡ್ದಂಗೆ," ಎಂದ.

ಇಂಜೆಕ್ಷನ್ನಿನ ಪರಿಣಾಮ, ಕೆಲವರಿಗೆ ಹಾಗಾಗುತ್ತದೆ ಎಂದು ಹೇಳಿ ಕಳಿಸಿದೆ. ಯಾರಿಗೂ ಹಾಗಾಗುವುದಿಲ್ಲ. ಆಮೇಲೆ ಒಬ್ಬ ಟೀಚರಮ್ಮನಿಗೆ ಹಾಗಾಯಿತು. ತುಟಿಯ ಗಾಯ ತೋರಿಸಲು ಬಂದು, ಅರ್ಧಕ್ಕೆ ನಿಂತಿದ್ದ ಹಲ್ಲಿಗೆ ಮತ್ತೆ ಇಂಜೆಕ್ಷನ್ ತೆಗೆದುಕೊಂಡ ಬ್ಯಾಂಕ್ ಮ್ಯಾನೇಜರಿಗೂ ಆಯಿತು. ಎಲ್ಲರದೂ ಅದೇ ರಾಗ, ಗಂಡಸರ ಗಂಟಲಿನಲ್ಲೂ ಹೆಂಗಸಿನ ದನಿ. ಮ್ಯಾನೇಜರ್ ಈ ಸಲ ನಗಲಿಲ್ಲ. ನನಗೆ ಭಯವಾಯಿತು. ನಾನು ಭಯಪಡುವ ಪೈಕಿಯವಳಲ್ಲ, ಅದಕ್ಕೇ ಇನ್ನಷ್ಟು ಭಯವಾಯಿತು.

ಮಾವ ಕಪ್ಪು ಕನ್ನಡಕ ಹಾಕಿಕೊಂಡು ವಾಪಸಾದರು. ಬಂದವರೇ ಸೀದಾ ಮೂಲೆ ಕುರ್ಚಿಯಲ್ಲಿ ಕೂತರು. ಸಮ ಮಾಡಿದ ಹಾಡು ಕೇಳಿ ಖುಷಿಪಡುತ್ತಾರೆಂದು ಹಿಂದೆ ಅಂದುಕೊಂಡಿದ್ದೆ, ಈಗ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದೆ. ಹಾಡು ಶುರುವಾಯಿತು. ಮಾವ ತಲೆ ಓರೆ ಮಾಡಿ ಕಾದರು. ಕೋರಸ್ ಬಂತು. ಅವರ ಕೈ ಕುರ್ಚಿಯ ಹಿಡಿಯನ್ನು ಹುಡುಕಿತು.

"ಯಾರು ಎತ್ತಿದ್ದು ಇದನ್ನ?" ಎಂದರು.

"ನಾನೇ ಮಾವ. ಎಲ್ಲಾ ಒಂದೇ ಮಟ್ಟಕ್ಕೆ ಬರ್ಲಿ ಅಂತ..."

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎದ್ದು ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಕಂಪ್ಯೂಟರಿನಲ್ಲಿ ಹಾಡುಗಳನ್ನು ಒಂದೊಂದಾಗಿ ಹಾಕಿದರು. ಪ್ರತಿ ಹಾಡಿನ ಕೋರಸ್ಸಿನ ತನಕ ಕೇಳುವುದು, "ಇದ್ರಲ್ಲಿಲ್ಲ" ಎನ್ನುವುದು, ಮುಂದಿನದಕ್ಕೆ ಹೋಗುವುದು. ಇದ್ರಲ್ಲಿಲ್ಲ. ಇದ್ರಲ್ಲೂ ಇಲ್ಲ. ಅವರ ದನಿ ಪ್ರತಿ ಸಲಕ್ಕೂ ಚಿಕ್ಕದಾಗುತ್ತ ಹೋಯಿತು.

"ಅದು ಅತ್ತೆಯ ದನಿನಾ ಮಾವ?" ಎಂದು ಕೇಳಿದೆ. ಉತ್ತರ ನನಗಾಗಲೇ ಗೊತ್ತಿತ್ತು.

"ಅವಳ ಗಂಟಲು ಬಲವಾಗಿತ್ತಮ್ಮ. ಮುಂದೆ ನಿಲ್ಲಿಸಿದ್ರೆ ಹೆಸರಿರೋರೆಲ್ಲ ಮಂಕಾಗಿಬಿಡೋರು. ಅದಕ್ಕೇ ಹಿಂದಿನ ಸಾಲಿಗೆ ಹಾಕ್ತಿದ್ದೆ. ಅಲ್ಲಿಂದಲೂ ಕೇಳ್ಸೋದು. ಗಾಜಿನಾಚೆಯಿಂದ ಕೈಯಲ್ಲಿ ಸನ್ನೆ ಮಾಡ್ತಿದ್ದೆ, ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ. ಗೋಡೆಗೆ ಬೆನ್ನು ತಾಗೋ ತನಕ ಹೋಗ್ತಿದ್ಳು. ಒಂದು ದಿನಾನೂ ಎದುರು ಮಾತಾಡ್ಲಿಲ್ಲ."

ಕನ್ನಡಕ ತೆಗೆದು ಹೊಸ ಕಣ್ಣು ಒರೆಸಿಕೊಂಡರು. ಒರೆಸಬಾರದೆಂದು ಡಾಕ್ಟರು ಹೇಳಿದ್ದರು, ನಾನು ತಡೆಯಲಿಲ್ಲ.

"ಅವಳು ಹೋದ್ಮೇಲೆ ಒಂದಿನ ಒಂದು ಹಾಡು ಜೋರಾಗಿ ಹಾಕ್ಕೊಂಡು ಕೂತಿದ್ದೆ. ಹಿಂದಿನ ಸಾಲಿಂದ ಒಂದು ಹೆಜ್ಜೆ ಮುಂದೆ ಬಂದ್ಳು. ನಂಗೆ ಕಿವೀನೇ ಅಲ್ವಾ ಕಸುಬು, ತಪ್ಪು ತಿಳ್ಕೊಳ್ಳೋನಲ್ಲ. ಮತ್ತೆ ಹಾಕಿದೆ, ಇನ್ನೊಂದು ಹೆಜ್ಜೆ. ಹುಚ್ಚು ಹಿಡಿದೋನ ಥರ ಹಾಕ್ತಾನೇ ಇದ್ದೆ. ಮೈಕಿನ ಹತ್ರ ಬಂದ್ಳು, ಮೈಕು ದಾಟಿ ಬಂದ್ಳು. ಆಮೇಲೆ ಆ ಹಾಡಲ್ಲಿ ಅವಳಿಲ್ಲ. ಮೆತ್ತಗೆ ಹಾಕಿದ್ರೆ ನಿಂತಲ್ಲೇ ನಿಲ್ತಾಳೆ ಅಂತ ಆಮೇಲೆ ಗೊತ್ತಾಯ್ತು. ಅವಳಿರೋ ಹಾಡನ್ನೆಲ್ಲ ಹುಡುಕಿ ಹುಡುಕಿ ತಗ್ಗಿಸಿಟ್ಟೆ. ದಿನಾ ಒಂದಿಷ್ಟು ಕೇಳಿಸಿದ್ರೆ ಸಾಕಿತ್ತು ನಂಗೆ."

ನಾನು ಗದ್ದಲ ಎಂದು ಬೈದುಕೊಂಡದ್ದು ಅತ್ತೆ ಇಲ್ಲದ, ಅವರಿಗೆ ಬೇಡವಾದ ಹಾಡುಗಳು. ಸೊಳ್ಳೆ ಎಂದುಕೊಂಡದ್ದು ಅವರು ಅಂಗೈ ಮರೆಮಾಡಿ ಕಾಪಾಡಿದ್ದು.

ಇಡೀ ಪಟ್ಟಿ ಕೇಳಿ ಮುಗಿದಾಗ ಒಂದೇ ಒಂದು ಹಾಡು ಉಳಿದಿತ್ತು. ಅದು ಪಟ್ಟಿಯ ತೀರಾ ಕೊನೆಯಲ್ಲಿತ್ತು. ಗಿಣಿಯಕ್ಕ ದಿನಾ ಮೊದಲಿಂದ ಹಾಕುತ್ತಿದ್ದುದರಿಂದ ಅದರ ಸರದಿ ಬರುವ ಮೊದಲೇ ಕ್ಲಿನಿಕ್ ಮುಚ್ಚುತ್ತಿತ್ತು. ಅದರಲ್ಲಿ ಅತ್ತೆ ಇನ್ನೂ ಹಿಂದಿನ ಸಾಲಿನಲ್ಲೇ ಇದ್ದರು, ಗೋಡೆಗೆ ಬೆನ್ನು ಕೊಟ್ಟು. ಮಾವ ತಕ್ಷಣ ನಿಲ್ಲಿಸಿದರು. ಸಂಜೆ ನನ್ನ ಗಂಡ ಬಂದು ಆ ಹಾಡನ್ನು ಮೊದಲಿದ್ದಷ್ಟೇ ತಗ್ಗಿಸಿಕೊಟ್ಟ. ಅಪ್ಪ ಏನು ಹೇಳಿದರೆಂದು ನಾನು ತಿಳಿಸಿದಾಗ ಅವನು ನಂಬಲೂ ಇಲ್ಲ, ನಗಲೂ ಇಲ್ಲ. "ಅಮ್ಮನ ದನಿ ಇವುಗಳಲ್ಲಿ ಯಾವುದು ಅಂತ ನಂಗೆ ಯಾವತ್ತೂ ಗೊತ್ತಾಗಿರ್ಲಿಲ್ಲ," ಎಂದಷ್ಟೇ ಹೇಳಿ ಮೇಲೆ ಹೋದ.

ಮಾವ ಹೆಡ್‌ಫೋನಿನಲ್ಲಿ ಆ ಒಂದು ಹಾಡನ್ನೇ ಕಿವಿಗೆ ಒತ್ತಿಕೊಂಡು ಕೂರತೊಡಗಿದರು. ಹೊರಗಿನ ಸ್ಪೀಕರ್ ಬಂದ್ ಮಾಡಿಸಿದೆ. ಆದರೂ ಪೇಷಂಟುಗಳ ಗುನುಗು ನಿಲ್ಲಲಿಲ್ಲ. ನಾನು ಇಂಜೆಕ್ಷನ್ ಕೊಡಲೇ ಹೆದರುವಂತಾಯಿತು. ಕೊನೆಗೆ ಒಂದು ದಿನ ಮಾವನಿಗೆ ಕಾಫಿ ಕೊಡಲು ಹೋದವಳು ಎಲ್ಲ ಹೇಳಿಬಿಟ್ಟೆ.

"ಯಾವ ರಾಗ? ಒಂಚೂರು ಹೇಳಮ್ಮ."

ನಾನು ಗುನುಗಿ ತೋರಿಸಿದೆ. ಮೇಲೇರಿ, ಸ್ವಲ್ಪ ನಿಂತು, ಕೆಳಗಿಳಿದು, ಮತ್ತೆ ಮೊದಲಿಂದ. ಮಾವ ಕಾಫಿ ಲೋಟ ಕೆಳಗಿಟ್ಟರು.

"ಅದು ಹಾಡಲ್ಲ. ರೆಕಾರ್ಡಿಂಗ್ ಶುರುವಾಗೋಕೆ ಮುಂಚೆ ಗಂಟಲು ಸರಿಮಾಡ್ಕೊಳ್ಳೋಕೆ ಅವಳು ಗುನುಗ್ತಿದ್ದಿದ್ದು," ಎಂದರು. ನನ್ನ ಬಾಯನ್ನೇ ನೋಡಿದರು. "ತಯಾರಾಗಿ ನಿಂತಿದಾಳೆ. ಹೊರಗೆ ಬಂದಿದಾಳೆ, ಹಾಡೋಕೆ ಹಾಡೇ ಇಲ್ಲ. ಇರೋ ಒಂದು ಹಾಡನ್ನ ನಾನು ಇಲ್ಲಿ ಹಿಡ್ಕೊಂಡು ಕೂತಿದೀನಿ."

"ಅದನ್ನ ಬಿಟ್ರೆ ನಿಮಗೆ ಏನೂ ಉಳಿಯಲ್ಲ ಮಾವ."

"ಗೊತ್ತಮ್ಮ," ಎಂದರು.

ಭಾನುವಾರ ಮಧ್ಯಾಹ್ನ. ಕ್ಲಿನಿಕ್ಕಿಗೆ ರಜೆ. ಬಿಸಿಲು ಕಿಟಕಿಯಿಂದ ಬಂದು ಖಾಲಿ ಕುರ್ಚಿಗಳ ಮೇಲೆ ಬಿದ್ದಿತ್ತು. ನಾನು ಒಳಗೆ ಬೇಸಿನ್ನಿನ ಬಳಿ ಇಕ್ಕಳಗಳನ್ನು ತೊಳೆಯುತ್ತಿದ್ದೆ. ನನ್ನ ಕೋಣೆಗೂ ಕಾಯುವವರ ಕೋಣೆಗೂ ನಡುವೆ ದೊಡ್ಡ ಗಾಜಿದೆ. ಮಾವ ಗಾಜಿನಾಚೆ ಬಂದರು. ಸ್ಪೀಕರಿನ ಗುಂಡಿಯ ಮೇಲೆ ಕೈಯಿಟ್ಟರು. ಯಾರೂ ಮುಟ್ಟಬಾರದ ಆ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರು.

ಹಾಡು ಎಷ್ಟು ಸಲ ನಡೆಯಿತೋ ನಾನು ಲೆಕ್ಕ ಇಡಲಿಲ್ಲ. ಪ್ರತಿ ಸಲ ಮುಗಿದಾಗಲೂ ಮಾವ ಹಿಂದಿನ ಕೋಣೆಗೆ ಹೋಗಿ ಮತ್ತೆ ಹಾಕಿ ಬರುತ್ತಿದ್ದರು. ಗಾಜು ಅದುರುತ್ತಿತ್ತು, ತಟ್ಟೆಯಲ್ಲಿದ್ದ ಇಕ್ಕಳಗಳು ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಅತ್ತೆ ಗೋಡೆ ಬಿಟ್ಟರು. ಸಾಲು ಬಿಟ್ಟರು. ಉಸಿರು ಕೇಳಿಸಿತು, ಆಮೇಲೆ ತುಟಿ ಬಿಡಿಸಿಕೊಳ್ಳುವ ಸದ್ದು. ಅಷ್ಟು ಹತ್ತಿರ ನಾನು ಬದುಕಿದ್ದ ಅತ್ತೆಯನ್ನೂ ಕೇಳಿರಲಿಲ್ಲ. ಮಾವ ಸ್ಪೀಕರಿನ ಕೆಳಗೆ ಕೈಕಟ್ಟಿ ನಿಂತು ಅಳುತ್ತಿದ್ದರು. ಮುಂದಿನ ಸಲ ಹಾಕಿದಾಗ ಹಾಡಿನಲ್ಲಿ ವಾದ್ಯಗಳಿದ್ದವು, ಕೋರಸ್ ಇತ್ತು, ನಡುವೆ ಖಾಲಿ ಜಾಗವಿತ್ತು.

ಮಾವ ಕಂಪ್ಯೂಟರಿಗೆ ಹೋಗಿ ಹಾಡು ನಿಲ್ಲಿಸಿ ಬಂದರು. ಮುಗಿಯಿತು ಎಂದುಕೊಂಡೆ. ಅವರ ಬಳಿ ಹೋಗಿ ಕೈಹಿಡಿದು ಕೂರಿಸಬೇಕು, ಮೇಲೆ ಕರೆದುಕೊಂಡು ಹೋಗಬೇಕು ಎಂದು ನಲ್ಲಿ ನಿಲ್ಲಿಸಿದೆ. ಆಗ ನನ್ನ ತುಟಿ ಮರಗಟ್ಟಿದ್ದು ಗೊತ್ತಾಯಿತು. ಇಂಜೆಕ್ಷನ್ ತೆಗೆದುಕೊಂಡವರು ಹೇಳುವ ಹಾಗೇ, ಮೊದಲು ತುಟಿ, ಆಮೇಲೆ ನಾಲಿಗೆ, ಆಮೇಲೆ ದವಡೆ. ಗಂಟಲಿನಲ್ಲಿ ಯಾರೋ ಬಂದು ನಿಂತರು. ಡ್ರೈವರ್ ಹೇಳಿದ್ದು ನಿಜ, ಜಾಗ ಸಾಲುತ್ತಿರಲಿಲ್ಲ.

ಗುನುಗಲಿಲ್ಲ. ಸೀದಾ ಹಾಡೇ ಶುರುವಾಯಿತು. ತುಂಬುದನಿ, ಚೂರು ಒರಟು. ನಾನು ಬಾತ್‌ರೂಮಿನಲ್ಲೂ ಹಾಡಿದವಳಲ್ಲ.

ಮಾವ ತಲೆಯೆತ್ತಿದರು. ಗಾಜಿನಾಚೆ ಅವರು, ಈಚೆ ನಾನು. ಅವರು ಗಾಜಿನ ಬಳಿ ಬಂದು ನಿಂತದ್ದೇ, ನನ್ನ ಕಾಲುಗಳು ಯಾರೂ ಹೇಳದೆ ಒಂದು ಹೆಜ್ಜೆ ಹಿಂದೆ ಸರಿದವು. ಇನ್ನೊಂದು ಹೆಜ್ಜೆ. ಬೆನ್ನು ಔಷಧಿ ಕಪಾಟಿಗೆ ತಾಗಿತು. ಮಾವ, ನಾನು, ನಿಮ್ಮ ಸೊಸೆ ಎಂದು ಕೂಗಿಕೊಳ್ಳಬೇಕೆಂದಿದ್ದೆ. ಬಾಯಿ ನನಗೆ ಬಿಡುವು ಕೊಡಲಿಲ್ಲ, ಅದು ಚರಣಕ್ಕೆ ಬಂದಿತ್ತು.

ಮಾವ ಕೈಯೆತ್ತಿದರು. ಹಿಂದೆ ಹೋಗು ಎಂಬ ಸನ್ನೆಗೆ ಏಳುತ್ತಿದ್ದ ಕೈ ಅದು. ಗಾಳಿಯಲ್ಲಿ ಒಂದು ಗಳಿಗೆ ನಿಂತು, ಅಂಗೈ ತಿರುಗಿತು.

"ಹಿಂದೆ ಸರೀಬೇಡ ಕಣೆ," ಎಂದರು. ನನ್ನನ್ನು ಅವರು ಯಾವತ್ತೂ ಹಾಗೆ ಕರೆದವರಲ್ಲ. "ಮುಂದೆ ಬಾ. ಇನ್ನೂ ಮುಂದೆ ಬಾ."

ಕಾಲುಗಳು ಕಪಾಟು ಬಿಟ್ಟು ಗಾಜಿನ ಕಡೆ ಹೊರಟವು. ನನ್ನ ಎದೆಯೊಳಗೆ ಹಿಡಿಸಲಾರದಷ್ಟು ಸಂತೋಷವಿತ್ತು, ಅದರಲ್ಲಿ ಒಂದು ಚೂರೂ ನನ್ನದಾಗಿರಲಿಲ್ಲ. ನಾನು ಅದರ ಹಿಂದೆ, ಬಹಳ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ.